ಮೊದಲು ತರಕಾರಿ, ಆಮೇಲೆ ನೂಡಲ್ಸ್

"ಅಕ್ಕ, ನೂಡಲ್ಸ್ ಮಾಡೋದು ಸರಿಯಾಗಿ ಕಲೀಬೇಕು ಅಂದ್ಕೊಂಡಿದ್ದೀನಿ. ಯಾವುದರಿಂದ ಶುರು ಮಾಡಲಿ?"

ಹೋದ ತಿಂಗಳು ತಂಗಿ ಫೋನ್ ಮಾಡಿ ಕೇಳಿದಳು. ಅಂಗಡಿಯಲ್ಲಿ ನಿಂತೇ ಕೇಳುತ್ತಿದ್ದಳು. ಎದುರಿಗೆ ಹಕ್ಕಾ, ಉದೋನ್, ಸೋಬಾ, ಅಕ್ಕಿ ನೂಡಲ್ಸ್, ಗ್ಲಾಸ್ ನೂಡಲ್ಸ್ ಎಲ್ಲಾ ಸಾಲಾಗಿ ಜೋಡಿಸಿದ್ದರಂತೆ. ನಾನು ತಿರುಗಿ ಕೇಳಿದೆ: "ಮನೇಲಿ ತರಕಾರಿ ಏನಿದೆ ಹೇಳು."

ಬೇರೆ ಏನೋ ಕೇಳುತ್ತಿದ್ದೇನೆ ಅಂತ ಅವಳಿಗೆ ಅನ್ನಿಸಿರಬೇಕು. ಆದರೆ ಮೈಸೂರಿನ ನನ್ನ ಅಡುಗೆಮನೆಯಲ್ಲಿ ಆರೇಳು ವರ್ಷ ಇವನ್ನೆಲ್ಲ ಬೇಯಿಸಿ, ಕೆಡಿಸಿ, ಮತ್ತೆ ಬೇಯಿಸಿ ನಾನು ಕಲಿತಿದ್ದು ಇದೇ. ಒಣ ನೂಡಲ್ಸ್ ಪೊಟ್ಟಣ ಡಬ್ಬದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಸೊಗಡಿನ ಅವರೆಕಾಯಿ ಸಿಗುವುದು ಎರಡು ಮೂರು ತಿಂಗಳು ಮಾತ್ರ. ಹಾಗಾಗಿ ಮಾರ್ಕೆಟ್ಟಿನಲ್ಲಿ ಈಗ ಏನು ಬಂದಿದೆ ಅಂತ ನೋಡಿ, ಅದಕ್ಕೆ ಹೊಂದುವ ಎಳೆ ಆರಿಸಿಕೊಳ್ಳುವುದು ಒಳ್ಳೆಯದು. ಪೊಟ್ಟಣದ ಮೇಲಿನ ಚಿತ್ರ ನೋಡಿಕೊಂಡು ಕಾಲವಲ್ಲದ ಕಾಲದಲ್ಲಿ ಬ್ರೊಕೊಲಿ, ಕೆಂಪು ದಪ್ಪಮೆಣಸಿನಕಾಯಿ ಹುಡುಕಿಕೊಂಡು ಹೋದರೆ ದುಡ್ಡೂ ಜಾಸ್ತಿ, ರುಚಿಯೂ ಕಡಿಮೆ.

ನೂಡಲ್ಸಿನ ತವರಿನಲ್ಲೂ ಇದೇ ರೂಢಿ. ಜಪಾನಿನಲ್ಲಿ ಕೂದಲೆಳೆಯಂಥ ಸೋಮೆನ್ ಬೇಸಿಗೆಯದು, ತಣ್ಣೀರಿನಲ್ಲಿ ತೇಲಿಸಿ ತಿನ್ನುತ್ತಾರೆ. ಶರತ್ಕಾಲದಲ್ಲಿ ಹೊಸ ಬಕ್‌ವೀಟ್ ಕಾಳು ಕೊಯ್ಲಾದಾಗ ಬರುವ ಸೋಬಾಕ್ಕೆ 'ಹೊಸ ಸೋಬಾ' ಎಂದೇ ಹೆಸರು. ಡಿಸೆಂಬರ್ 31ರ ರಾತ್ರಿ ಸೋಬಾ ತಿಂದು ವರ್ಷ ದಾಟುತ್ತಾರೆ. ಕೊರಿಯಾದ ತಣ್ಣನೆಯ ನೇಂಗ್‌ಮ್ಯೋನ್ ನೂಡಲ್ಸ್ ಮೊದಲು ಚಳಿಗಾಲದ ಊಟವಾಗಿತ್ತು.

ಒತ್ತುವುದು, ಹೊಸೆಯುವುದು

ಹೆಸರುಗಳು ಹೊಸದು ಅಂತ ಹೆದರಬೇಡಿ. ಕೆಲಸ ನಮಗೆ ಗೊತ್ತಿರುವುದೇ. ನನ್ನ ತವರು ಧಾರವಾಡ. ಅಲ್ಲಿ ಬೇಸಿಗೆ ಬಂತೆಂದರೆ ಅಜ್ಜಿ ಗೋಧಿ ಹಿಟ್ಟು ನಾದಿ, ಮಣೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದರು. ಅಂಗೈ ಒತ್ತಿ ಎಳೆದ ಹಾಗೆಲ್ಲ ಎಳೆ ಸಣ್ಣಗಾಗುತ್ತಾ ಉದ್ದ ಬೆಳೆಯುತ್ತಿತ್ತು. ಅದನ್ನು ಕೋಲಿನ ಮೇಲೆ ಹರವಿ ಬಿಸಿಲಿಗೆ ಇಡುತ್ತಿದ್ದೆವು. ಜಪಾನಿನ ಸೋಮೆನ್ ಕೂಡ ಹೀಗೇ: ಎಳೆದು, ಕೋಲಿಗೆ ಹಾಕಿ ಒಣಗಿಸುತ್ತಾರೆ. ಚೀನಾದ ಲಾನ್‌ಝೌ ಊರಿನ ಕೈಯಲ್ಲಿ ಎಳೆಯುವ ನೂಡಲ್ಸಿನ ಮೂಲವೂ ಗೋಧಿಯ ಈ ಜಿಗುಟು ಗುಣವೇ.

ಮದುವೆಯಾಗಿ ಬಂದ ಮನೆ ಸಾಗರದ ಕಡೆಯದು. ಅಲ್ಲಿ ಅಕ್ಕಿ. ಬೆಂದ ಹಿಟ್ಟಿನ ಬಿಸಿ ಉಂಡೆಯನ್ನು ಶಾವಿಗೆ ಒರಳಿಗೆ ಹಾಕಿ ಒಬ್ಬರು ಒತ್ತಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸಬೇಕು. ಅಕ್ಕಿಗೆ ಎಳೆದರೆ ಹಿಗ್ಗುವ ಗುಣ ಇಲ್ಲ, ಅದಕ್ಕೇ ಬೇಯಿಸಿ ಒತ್ತುವುದು. ನಾನು ಮೊದಲ ಸಲ ವಿಯೆಟ್ನಾಮಿನ ಸಣ್ಣ ಅಕ್ಕಿ ನೂಡಲ್ಸ್ ತಂದಾಗ ಅತ್ತೆ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ಮ ಒತ್ತು ಶಾವಿಗೇನೇ ಅಲ್ವೇನೇ? ಒಣಗಿಸಿದ್ದಾರೆ ಅಷ್ಟೆ" ಅಂದರು. ಸರಿಯಾಗೇ ಹೇಳಿದ್ದರು.

ಇನ್ನೂ ಒಂದು ವಿಷಯ ನನಗೆ ತುಂಬಾ ಇಷ್ಟ. ಚೀನಾದ ಲಾಜಿಯಾ ಎಂಬಲ್ಲಿ ಮಣ್ಣಿನಡಿ ಬೋರಲಾಗಿ ಬಿದ್ದಿದ್ದ ಬಟ್ಟಲೊಂದರಲ್ಲಿ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿತು. 2005ರಲ್ಲಿ ಅದರ ವರದಿ ಬಂತು. ಪರೀಕ್ಷೆ ಮಾಡಿದವರು ಕಂಡಿದ್ದು ನವಣೆ ಮತ್ತು ಬರಗು! ಈ ಧಾನ್ಯಗಳ ಹಿಟ್ಟನ್ನು ಎಳೆದು ನೂಡಲ್ಸ್ ಮಾಡುವುದು ಕಷ್ಟ, ಒತ್ತಿ ಮಾಡಿರಬಹುದು ಎಂದು ಆಮೇಲೆ ಅದೇ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು. ನಮ್ಮ ಒರಳು ನೆನಪಾಗದೇ ಇರುತ್ತದಾ? ಆದರೆ ಈಗ ಅಂಗಡಿಯಲ್ಲಿ ಸಿಗುವ ಸಿರಿಧಾನ್ಯದ ನೂಡಲ್ಸ್ ತಗೊಳ್ಳುವಾಗ ಪೊಟ್ಟಣದ ಹಿಂಭಾಗ ಓದಿ. ಕೆಲವದರಲ್ಲಿ ಗೋಧಿಯೋ ಮೈದಾವೋ ಜಾಸ್ತಿ ಇರುತ್ತದೆ.

ಅಕ್ಕಿ ನೂಡಲ್ಸ್: ಕಾರ್ತಿಕದಿಂದ ಬೇಸಿಗೆವರೆಗೆ

ಹೊಸದಾಗಿ ಕಲಿಯುವವರಿಗೆ ನನ್ನ ಮೊದಲ ಆಯ್ಕೆ ಇದು. ಅದರಲ್ಲೂ ಸುಮಾರು 3ರಿಂದ 5 ಮಿಲಿಮೀಟರ್ ಅಗಲದ ಚಪ್ಪಟೆ ಪಟ್ಟಿ. ಇದನ್ನು ಒತ್ತುವುದಿಲ್ಲ, ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ, ಪಟ್ಟಿ ಕತ್ತರಿಸಿ ಒಣಗಿಸುತ್ತಾರೆ. ಥಾಯ್ಲೆಂಡಿನ ಪ್ಯಾಡ್ ಥಾಯ್ ಮಾಡುವುದು ಇದರಲ್ಲೇ. 1938ರಿಂದ 1944ರವರೆಗೆ ಅಲ್ಲಿ ಪ್ರಧಾನಿಯಾಗಿದ್ದ ಫಿಬುನ್‌ಸೋಂಗ್‌ಖ್ರಾಮ್ ಅವರ ಸರಕಾರ ನೂಡಲ್ಸ್ ತಿನ್ನುವಂತೆ ಜನರನ್ನು ಹುರಿದುಂಬಿಸಿತು. ಪ್ಯಾಡ್ ಥಾಯ್ ದೇಶದ ತಿಂಡಿ ಅನ್ನಿಸಿಕೊಂಡಿದ್ದು ಆ ಕಾಲದಲ್ಲಿ.

ಇದನ್ನೇ ಯಾಕೆ ಮೊದಲು ಕಲಿಯಿರಿ ಅನ್ನುತ್ತೇನೆ ಅಂದರೆ, ಇದರ ರುಚಿ ಹುಣಸೆಹಣ್ಣು, ಬೆಲ್ಲ, ಉಪ್ಪು, ಕಡಲೆಕಾಯಿ. ಗೊಜ್ಜು ಮಾಡಿ ಅಭ್ಯಾಸ ಇರುವ ಕೈಗೆ ಹದ ತಾನಾಗಿ ಗೊತ್ತಾಗುತ್ತದೆ. ಅಲ್ಲಿ ತಾಳೆಬೆಲ್ಲ ಹಾಕುತ್ತಾರೆ, ನಾನು ಜೋನಿಬೆಲ್ಲ ಹಾಕುತ್ತೇನೆ. ಅಲ್ಲಿ ಮೀನಿನ ಸಾಸ್, ನಮ್ಮ ಮನೆಯಲ್ಲಿ ಸೋಯಾ ಸಾಸ್. ಇಬ್ಬರಿಗೆ 150 ಗ್ರಾಂ ನೂಡಲ್ಸ್ ಸಾಕು. ಅದಕ್ಕೆ ಮೂರು ದೊಡ್ಡ ಚಮಚ ಗಟ್ಟಿ ಹುಣಸೆರಸ, ಮೂರು ಚಮಚ ಬೆಲ್ಲ, ಎರಡು ಚಮಚ ಸೋಯಾ ಸಾಸ್. ಮೊದಲೇ ಬಿಸಿ ಮಾಡಿ ಕರಗಿಸಿ ಬದಿಗಿಡಿ.

ನನ್ನ ಮೊದಲ ಪ್ಯಾಡ್ ಥಾಯ್ ಪೂರ್ತಿ ಕೆಟ್ಟುಹೋಯಿತು. ಮನೆಗೆ ನೆಂಟರು ಬಂದಿದ್ದರು. ಗೋಧಿ ನೂಡಲ್ಸಿನ ಹಾಗೆ ಇದನ್ನೂ ಕುದಿಯುವ ನೀರಿನಲ್ಲಿ ಎಂಟು ನಿಮಿಷ ಬಿಟ್ಟೆ. ಬಾಣಲೆಗೆ ಹಾಕಿ ಎರಡು ಸಲ ಸೌಟು ಆಡಿಸುವಷ್ಟರಲ್ಲಿ ಎಳೆಗಳೆಲ್ಲ ಒಡೆದು ಅಂಟಿನ ಮುದ್ದೆಯಾಯಿತು. ಆ ದಿನ ಎಲ್ಲರಿಗೂ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟೆ. ಇದನ್ನು ಕುದಿಸಲೇಬಾರದು. ಸಾದಾ ನೀರಿನಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ನೆನೆಸಬೇಕು. ಒಂದು ಎಳೆ ತೆಗೆದು ಬೆರಳಿಗೆ ಸುತ್ತಿ ನೋಡಿ. ಮುರಿಯದೆ ಸುತ್ತಿಕೊಳ್ಳಬೇಕು, ಕಚ್ಚಿದರೆ ಒಳಗೆ ಇನ್ನೂ ಗಟ್ಟಿ ಇರಬೇಕು. ಅಲ್ಲಿಗೆ ನೀರು ಬಸಿಯಿರಿ. ಉಳಿದಿದ್ದು ಬಾಣಲೆಯಲ್ಲಿ ಸಾಸ್ ಮತ್ತು ಎರಡು ಮೂರು ಚಮಚ ನೀರು ಕುಡಿದು ಬೇಯುತ್ತದೆ. ಒಂದು ಸಲಕ್ಕೆ ಒಬ್ಬರಿಗೆ ಆಗುವಷ್ಟೇ ಮಾಡಿ, ಹೆಚ್ಚೆಂದರೆ ಇಬ್ಬರಿಗೆ. ನಾಲ್ಕು ಜನರದ್ದು ಒಟ್ಟಿಗೆ ಹಾಕಿದರೆ ಬಾಣಲೆಯ ಕಾವು ಇಳಿದು ಎಳೆ ಬೆವರಿ ಅಂಟಿಕೊಳ್ಳುತ್ತದೆ.

ಕಾಲದ ಲೆಕ್ಕ ನೋಡಿ. ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಹೊಸ ಕಡಲೆಕಾಯಿ ಎಲ್ಲೆಡೆ ಬಂದಿರುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಊದಿ, ಒರಟಾಗಿ ಕುಟ್ಟಿ ಮೇಲೆ ಉದುರಿಸಿ. ಅಂಗಡಿಯ ಹಳೆಯ ಬೀಜಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಮೊದಲ ತುತ್ತಿಗೇ ತಿಳಿಯುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಹೊಸ ಹುಣಸೆಹಣ್ಣು ಬರುತ್ತದೆ. ಬಣ್ಣ ಇನ್ನೂ ತಿಳಿಯಾಗಿರುತ್ತದೆ, ಹುಳಿಯಲ್ಲಿ ಹಣ್ಣಿನ ಸಿಹಿ ಇರುತ್ತದೆ. ಆಗ ಬೆಲ್ಲ ಅರ್ಧ ಚಮಚ ಕಡಿಮೆ ಮಾಡಿ. ಹೆಸರುಕಾಳಿನ ಮೊಳಕೆ, ಈರುಳ್ಳಿ ಸೊಪ್ಪು ಕೊನೆಯಲ್ಲಿ ಹಾಕಿ ತಕ್ಷಣ ಇಳಿಸಬೇಕು. ಥಾಯ್ಲೆಂಡಿನಲ್ಲಿ ಇದರ ಪಕ್ಕಕ್ಕೆ ಹಸಿ ಬಾಳೆಹೂವಿನ ಒಂದು ತುಂಡು ಇಡುತ್ತಾರೆ. ನಮ್ಮ ಹಿತ್ತಿಲಿನಲ್ಲೇ ಇರುವ ವಸ್ತು. ಒಳಗಿನ ಬಿಳಿಯ ಎಳೆ ಭಾಗ ಮಾತ್ರ ಹೆಚ್ಚಿ, ಕಪ್ಪಾಗದ ಹಾಗೆ ನಿಂಬೆರಸದ ನೀರಿನಲ್ಲಿ ಹಾಕಿಡಿ.

ಹಕ್ಕಾ ಮತ್ತು ಉದೋನ್: ಗೋಧಿಯ ಎರಡು ದಾರಿ

ಹಕ್ಕಾ ನೂಡಲ್ಸ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಎಲ್ಲಾ ಕಡೆ ಸಿಗುತ್ತದೆ, ಅಗ್ಗ, ಮಕ್ಕಳಿಗೆ ಇಷ್ಟ. ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಬಸಿದು, ತಣ್ಣೀರು ಹಾಯಿಸಿ, ಒಂದು ಚಮಚ ಎಣ್ಣೆ ಸವರಿ ಹರಡಿಡಿ. ತಪ್ಪಾಗುವುದು ಸಾಮಾನ್ಯವಾಗಿ ತರಕಾರಿಯಲ್ಲಿ. ಜೋರು ಉರಿಯಲ್ಲಿ ಬೇಗ ಬಾಡಿಸುವ ಅಡುಗೆ ಇದು. ನೀರು ಬಿಡುವ ತರಕಾರಿ ಹಾಕಿದರೆ ಬಾಡಿಸುವ ಬದಲು ಬೇಯಿಸಿದ ಹಾಗಾಗುತ್ತದೆ. ಸೋರೆಕಾಯಿ, ಹೀರೆಕಾಯಿ, ಸೌತೆ ಇದಕ್ಕೆ ಬೇಡ. ಚಳಿಗಾಲದ ಎಳೆ ಹುರುಳಿಕಾಯಿ, ಎಲೆಕೋಸು, ಕ್ಯಾರೆಟ್ ಸರಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನವಿಲುಕೋಸು. ಬೆಂಕಿಕಡ್ಡಿಯ ಹಾಗೆ ಹೆಚ್ಚಿ ಎರಡೇ ನಿಮಿಷ ಬಾಡಿಸಿದರೆ ಗರಿಗರಿ ಉಳಿಯುತ್ತದೆ. ಅದರ ಎಳೆ ಎಲೆಗಳನ್ನೂ ಎಸೆಯಬೇಡಿ. ದೊಡ್ಡ ಕಬ್ಬಿಣದ ಬಾಣಲೆ ಇದ್ದರೆ ಸಾಕು, ಹೊಸ ಪಾತ್ರೆ ಕೊಳ್ಳುವುದು ಬೇಡ.

ಉದೋನ್ ಬೇರೆ ಥರ. ಮೈದಾ, ಉಪ್ಪು, ನೀರು ಈ ಮೂರೇ. ಜಪಾನಿನ ಶಿಕೊಕು ದ್ವೀಪದ ಕಗಾವಾ ಪ್ರಾಂತ್ಯ ಇದಕ್ಕೆ ಹೆಸರುವಾಸಿ, ಅಲ್ಲಿನದನ್ನು ಸಾನುಕಿ ಉದೋನ್ ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಒಣ ಉದೋನ್ ಕೂಡ ಚೆನ್ನಾಗಿರುತ್ತದೆ. ಆದರೆ ಒಂದು ಭಾನುವಾರ ಬಿಡುವಿದ್ದರೆ ಕೈಯಲ್ಲೇ ಮಾಡಿ ನೋಡಿ. 300 ಗ್ರಾಂ ಮೈದಾಕ್ಕೆ ಸುಮಾರು 140 ಮಿಲಿಲೀಟರ್ ನೀರು, ನೀರಿನಲ್ಲೇ ಉಪ್ಪು ಕರಗಿಸಬೇಕು. ಚಪಾತಿ ಹಿಟ್ಟಿಗಿಂತ ತುಂಬಾ ಗಟ್ಟಿ, ಕೈಯಲ್ಲಿ ನಾದಲು ಆಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಬಟ್ಟೆ ಹೊದಿಸಿ, ಹಿಮ್ಮಡಿಯಿಂದ ತುಳಿಯುತ್ತಾರೆ. ಚಪ್ಪಟೆಯಾದ ಮೇಲೆ ಮಡಚಿ ಮತ್ತೆ ತುಳಿ. ನಮ್ಮ ಮನೆಯಲ್ಲಿ ಈ ಕೆಲಸ ಮಗನದು. ಎರಡು ಗಂಟೆ ಬಿಟ್ಟು ನೋಡಿದರೆ ಒರಟು ಹೋಗಿ ಕಿವಿಯ ಹಾಲೆಯಷ್ಟು ನಯವಾಗಿರುತ್ತದೆ. 3 ಮಿಲಿಮೀಟರ್ ದಪ್ಪ ಲಟ್ಟಿಸಿ, ಅಷ್ಟೇ ಅಗಲಕ್ಕೆ ಕತ್ತರಿಸಿ, ಹತ್ತು ಹನ್ನೆರಡು ನಿಮಿಷ ಕುದಿಸಿ, ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಉಪ್ಪಿನ ಲೆಕ್ಕವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಉದೋನ್ ಮಾಡುವವರ ಹಳೆಯ ಮಾತೊಂದಿದೆ: ಒಂದು ಬಟ್ಟಲು ಉಪ್ಪಿಗೆ ಕಡು ಬೇಸಿಗೆಯಲ್ಲಿ 3 ಬಟ್ಟಲು ನೀರು, ಕೊರೆವ ಚಳಿಯಲ್ಲಿ 6, ಉಳಿದ ಕಾಲದಲ್ಲಿ 5. ಸೆಕೆಗೆ ಹಿಟ್ಟು ಸಡಿಲವಾಗುತ್ತದೆ, ಉಪ್ಪು ಅದನ್ನು ಬಿಗಿ ಹಿಡಿಯುತ್ತದೆ. ಮನೆಗೆ ಅಷ್ಟು ಉಪ್ಪು ಬೇಡ. ನಾನು ಬೇಸಿಗೆಯಲ್ಲಿ 15 ಗ್ರಾಂ, ಚಳಿಯಲ್ಲಿ 12 ಗ್ರಾಂ ಹಾಕುತ್ತೇನೆ. ಕುದಿಯುವಾಗ ಇದರಲ್ಲಿ ಹೆಚ್ಚಿನದು ನೀರಿಗೇ ಹೋಗುತ್ತದೆ.

ಉದೋನ್‌ಗೆ ತಕ್ಕ ಜೋಡಿ ನಮ್ಮ ಕಡೆ ಇದ್ದರೆ ಅದು ಅವರೆಕಾಯಿ, ಇದನ್ನು ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ. ಡಿಸೆಂಬರ್ ಜನವರಿಯಲ್ಲಿ ಕಾಯಿ ಸುಲಿಯುವಾಗ ಬೆರಳಿಗೆ ಹತ್ತುವ ಆ ಸೊಗಡು, ಅದರ ವಾಸನೆಗೆ ಬೇರೆ ಮಸಾಲೆ ಏನೂ ಬೇಕಾಗುವುದಿಲ್ಲ. ಕಾಳು ನೆನೆಸಿ, ಹಿದುಕಿ, ಆ ಬೇಳೆಯನ್ನು ಉಪ್ಪು, ಶುಂಠಿ ಹಾಕಿ ಬೇಯಿಸಿ. ಬೇಳೆ ಬೆಂದ ಕಟ್ಟು ಇದೆಯಲ್ಲ, ಅದೇ ಸೂಪಿನ ಅರ್ಧ. ಇನ್ನರ್ಧಕ್ಕೆ ಒಣ ಶಿಟಾಕೆ ಅಣಬೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿದ ನೀರು. ಕೊಂಬು ಎಂಬ ಕಡಲಪಾಚಿ ಸಿಕ್ಕರೆ ಅದರ ಒಂದು ತುಂಡನ್ನೂ ಜೊತೆಗೇ ನೆನೆಸಿ. ಜಪಾನಿನ ಬೌದ್ಧ ದೇವಾಲಯಗಳ ಸಸ್ಯಾಹಾರಿ ಅಡುಗೆಯಲ್ಲಿ ಸೂಪಿನ ನೀರು ತೆಗೆಯುವುದು ಹೆಚ್ಚಾಗಿ ಇವೆರಡರಿಂದ. ಒಂದು ಚಮಚ ಸೋಯಾ ಸಾಸ್ ಸಾಕು. ದಪ್ಪ ಎಳೆ, ಮೆತ್ತನೆ ಬೇಳೆ, ಬಿಸಿ ಕಟ್ಟು. ಖಾರದ ಪುಡಿ, ಗರಂ ಮಸಾಲೆ ದಯವಿಟ್ಟು ಹಾಕಬೇಡಿ.

ಸೋಬಾ: ಸೆಕೆಯ ದಿನಗಳಿಗೆ

ಸೋಬಾ ಆಗುವುದು ಬಕ್‌ವೀಟ್‌ನಿಂದ. ಉತ್ತರ ಭಾರತದವರು ನವರಾತ್ರಿ ಉಪವಾಸಕ್ಕೆ ತಿನ್ನುವ ಕುಟ್ಟು ಹಿಟ್ಟು ಇದೇ. ಇದರಲ್ಲಿ ಗೋಧಿಯ ಜಿಗುಟು ಇಲ್ಲ. ಅದಕ್ಕೇ ಎಂಟು ಭಾಗ ಬಕ್‌ವೀಟ್‌ಗೆ ಎರಡು ಭಾಗ ಗೋಧಿ ಹಿಟ್ಟು ಬೆರೆಸುವ ಪದ್ಧತಿ ಜಪಾನಿನಲ್ಲಿ ಬಂದಿದ್ದು. ಕೈಯಲ್ಲಿ ಮಾಡಲು ಹೋಗಬೇಡಿ, ವರ್ಷಗಟ್ಟಲೆ ಪಳಗಿದವರ ಕೆಲಸ ಅದು. ಒಣ ಸೋಬಾ ಕೊಳ್ಳಿ. ಕೊಳ್ಳುವಾಗ ಬಕ್‌ವೀಟ್ ಎಷ್ಟು ಇದೆ ಅಂತ ನೋಡಿ, ಕೆಲವು ಪೊಟ್ಟಣಗಳಲ್ಲಿ ಗೋಧಿಯೇ ಹೆಚ್ಚು. ಗೋಧಿ ಆಗದವರು ಇದನ್ನು ಕಣ್ಣುಮುಚ್ಚಿ ನಂಬಬಾರದು. ಬಕ್‌ವೀಟ್ ಅಲರ್ಜಿಯೂ ಕೆಲವರಿಗೆ ಇರುತ್ತದೆ, ಮೊದಲ ಸಲ ಸ್ವಲ್ಪವೇ ತಿಂದು ನೋಡಿ.

ಇವುಗಳಲ್ಲಿ ಬೆಲೆ ಜಾಸ್ತಿ ಇರುವುದು ಇದಕ್ಕೇ. ಆದರೆ ಏಪ್ರಿಲ್ ಮಧ್ಯಾಹ್ನ ಒಲೆ ಮುಂದೆ ನಿಲ್ಲಲು ಮನಸ್ಸಿಲ್ಲದಾಗ ಇದರಷ್ಟು ಹಿತ ಬೇರೆ ಇಲ್ಲ. ನಾಲ್ಕೈದು ನಿಮಿಷ ಕುದಿಸಿ, ಹರಿಯುವ ತಣ್ಣೀರಿನಡಿ ಬಟ್ಟೆ ಒಗೆಯುವ ಹಾಗೆ ಎರಡೂ ಕೈಯಲ್ಲಿ ಉಜ್ಜಿ ಲೋಳೆ ತೆಗೆಯಬೇಕು. ಎಳೆ ಸೌತೆಕಾಯಿ ಸಣ್ಣಗೆ ಹೆಚ್ಚಿ ಮೇಲೆ ಹಾಕಿ. ನಾನು ತೋತಾಪುರಿ ಮಾವಿನಕಾಯಿ ತುರಿಯನ್ನೂ ಒಂದು ಚಿಟಿಕೆ ಹಾಕುತ್ತೇನೆ, ಜಪಾನಿನವರು ಒಪ್ಪುತ್ತಾರೋ ಇಲ್ಲವೋ, ನಮ್ಮ ಬೇಸಿಗೆಗೆ ಅದು ಸರಿ ಹೋಗುತ್ತದೆ. ಕುದಿಸಿದ ನೀರನ್ನು ಚೆಲ್ಲಬೇಡಿ. ಊಟದ ಕೊನೆಯಲ್ಲಿ ಅದ್ದಿಕೊಳ್ಳುವ ಸಾಸ್ ಉಳಿದಿರುತ್ತದಲ್ಲ, ಅದಕ್ಕೆ ಈ ಬಿಸಿ ನೀರು ಬೆರೆಸಿ ಕುಡಿಯುತ್ತಾರೆ. ನಾವು ಅನ್ನದ ಗಂಜಿಗೆ ಉಪ್ಪು ಹಾಕಿ ಕುಡಿದ ಹಾಗೇ.

ಗ್ಲಾಸ್ ನೂಡಲ್ಸ್

ಇದರಲ್ಲಿ ಎರಡು ಥರ. ಹೆಸರುಕಾಳಿನ ಪಿಷ್ಟದ್ದು ಸಣ್ಣ ಎಳೆ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸಾಕು. ಕೊರಿಯಾದ್ದು ಗೆಣಸಿನ ಪಿಷ್ಟದ್ದು, ದಪ್ಪ, ಆರೇಳು ನಿಮಿಷ ಕುದಿಸಬೇಕು. ಎರಡಕ್ಕೂ ತಮ್ಮದೇ ರುಚಿ ಇಲ್ಲ, ಜೊತೆಗಿರುವುದರ ರುಚಿ ಹೀರಿಕೊಳ್ಳುತ್ತವೆ. ಸೊಪ್ಪು ಚೆನ್ನಾಗಿ ಸಿಗುವ ದಿನ ಇದನ್ನು ಆರಿಸಿ. ಕೊರಿಯಾದ ಜಾಪ್‌ಚೇ ಎಂಬ ನೂಡಲ್ಸ್ ಅಡುಗೆಯಲ್ಲಿ ಪ್ರತಿಯೊಂದು ತರಕಾರಿಯನ್ನೂ ಬೇರೆ ಬೇರೆ ಬಾಡಿಸಿ ಕೊನೆಗೆ ಕಲೆಸುತ್ತಾರೆ. ಪಾಲಕ್ ಜಾಗದಲ್ಲಿ ಎಳೆಯ ಕೆಂಪು ದಂಟಿನ ಸೊಪ್ಪು ಹಾಕಿದರೆ ಎಳೆಗಳಿಗೆ ನಸುಗೆಂಪು ಬಣ್ಣ ಹತ್ತುತ್ತದೆ, ನೋಡಲು ಚೆಂದ. ಹೊರೆ ಅನ್ನಿಸುವುದು ಒಂದೇ: ಕೆಲಸ ಜಾಸ್ತಿ. ಕೆಲಸ ಮುಗಿಸಿ ಬಂದ ಸಂಜೆಗೆ ಇದು ಬೇಡ.

ಮಳೆಗಾಲಕ್ಕೆ ಥೆನ್‌ಥುಕ್

ಕೈಯಿಂದ ನೂಡಲ್ಸ್ ಮಾಡಲು ಆಸೆ, ಉದೋನ್ ತುಳಿಯುವಷ್ಟು ಪುರುಸೊತ್ತಿಲ್ಲ ಅನ್ನುವವರಿಗೆ ಟಿಬೆಟಿನವರ ಈ ನೂಡಲ್ಸ್ ಸೂಪು. ಮೈಸೂರಿನಿಂದ ಕುಶಾಲನಗರಕ್ಕೆ ಹೋಗುವ ದಾರಿಯಲ್ಲಿ ಬೈಲಕುಪ್ಪೆ ಸಿಗುತ್ತದೆ. 1960ರ ದಶಕದಿಂದ ಟಿಬೆಟಿನವರು ಅಲ್ಲಿ ನೆಲೆಸಿದ್ದಾರೆ, ಉತ್ತರ ಕನ್ನಡದ ಮುಂಡಗೋಡಿನಲ್ಲೂ ಇದ್ದಾರೆ. ಬೈಲಕುಪ್ಪೆಯ ಸಣ್ಣ ಹೋಟೆಲೊಂದರಲ್ಲಿ, ಹೊರಗೆ ಜಡಿಮಳೆ ಸುರಿಯುವಾಗ, ಅಡುಗೆ ಮಾಡುವ ಹೆಂಗಸು ನನ್ನನ್ನು ಒಲೆಯ ಹತ್ತಿರ ಕರೆದು ತೋರಿಸಿದರು. ಹಿಟ್ಟಿನ ಒಂದು ಪಟ್ಟಿ ಎಡಗೈ ಮೇಲೆ ಇಳಿಬಿಟ್ಟಿತ್ತು. ಬಲಗೈ ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ತೆಳ್ಳಗೆ ಮಾಡುವುದು, ಚಿವುಟುವುದು, ಕುದಿಯುವ ಸೂಪಿಗೆ ಎಸೆಯುವುದು. ಒತ್ತು, ಚಿವುಟು, ಎಸೆ. ನಾನು ಐದು ತುಂಡು ಹಾಕುವಷ್ಟರಲ್ಲಿ ಅವರು ಮೂವತ್ತು ಹಾಕಿದ್ದರು. "ಹಿಟ್ಟು ನೆನೀಬೇಕು ಅಮ್ಮ, ಇಲ್ಲಾಂದ್ರೆ ಎಳೆದ್ರೆ ಕಿತ್ತು ಹೋಗುತ್ತೆ" ಅಂದರು.

ನಾದಿ ಅರ್ಧ ಗಂಟೆ ಮುಚ್ಚಿಡುವುದು, ಇಷ್ಟೇ ಗುಟ್ಟು. ಲಟ್ಟಣಿಗೆ ಬೇಡ, ಚಾಕು ಬೇಡ. ಒಂದೊಂದು ತುಂಡು ಒಂದೊಂದು ಆಕಾರ ಇದ್ದರೂ ಏನೂ ತೊಂದರೆಯಿಲ್ಲ. ಬೆಳ್ಳುಳ್ಳಿ, ಶುಂಠಿ, ಟೊಮೆಟೊ ಬಾಡಿಸಿ ನೀರು ಹಾಕಿ, ಮೂಲಂಗಿ ತೆಳುವಾಗಿ ಹೆಚ್ಚಿ ಹಾಕಿ, ಅದು ಅರೆಬೆಂದಾಗ ಹಿಟ್ಟು ಚಿವುಟಲು ಶುರು ಮಾಡಿ. ಕೊನೆಗೆ ಒಂದು ಹಿಡಿ ಸೊಪ್ಪು.

ಮಲೆನಾಡಿನ ಕಡೆಯವರಿಗೆ ಜೂನ್ ಜುಲೈಯಲ್ಲಿ ಕಳಲೆ ಸಿಗುತ್ತದೆ. ಈ ಸೂಪಿಗೆ ಅದು ತುಂಬಾ ಹೊಂದುತ್ತದೆ. ಆದರೆ ಹಸಿಯಾಗಿ ಹಾಕಲೇಬಾರದು, ಅದರಲ್ಲಿ ವಿಷದ ಅಂಶ ಇದೆ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ. ಮಳೆಗೆ ಏಳುವ ಕಾಡಣಬೆಯೂ ಹಾಗೇ, ಗುರುತು ಹಿಡಿಯುವ ಹಿರಿಯರು ಜೊತೆಗಿಲ್ಲದಿದ್ದರೆ ಮುಟ್ಟಬೇಡಿ.

ಉಳಿದರೆ

ಅಕ್ಕಿ ನೂಡಲ್ಸ್ ಫ್ರಿಜ್ಜಿನಲ್ಲಿಟ್ಟರೆ ಬಿರುಸಾಗುತ್ತದೆ. ಮರುದಿನ ಇಡ್ಲಿ ಪಾತ್ರೆಯ ಹಬೆಯಲ್ಲಿ ಮೂರು ನಿಮಿಷ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ. ಸೋಬಾ ಉಳಿಸಬೇಡಿ, ಅಷ್ಟೇ ಮಾಡಿ. ಥೆನ್‌ಥುಕ್ ರಾತ್ರಿಯ ಹೊತ್ತಿಗೆ ಸೂಪೆಲ್ಲ ಕುಡಿದು ಗಟ್ಟಿಯಾಗಿರುತ್ತದೆ, ಬಿಸಿನೀರು ಸೇರಿಸಿ ಒಂದು ಕುದಿ ಬರಿಸಿ.

ಉದೋನ್ ಎಳೆ ಉಳಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿ. ಬೆಳಿಗ್ಗೆ ಅತ್ತೆ ಅದನ್ನು ಚಿಕ್ಕದಾಗಿ ಕತ್ತರಿಸಿ, ಸಾಸಿವೆ, ಕಡಲೆಬೇಳೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ, ನಿಂಬೆಹಣ್ಣು ಹಿಂಡಿ ತಟ್ಟೆಗೆ ಹಾಕುತ್ತಾರೆ. ತಂಗಿ ಹೋದ ವಾರ ಬಂದಿದ್ದಾಗ ಅದನ್ನು ತಿಂದು, ಇದು ಯಾವ ದೇಶದ್ದು ಅಂತ ಕೇಳಿದಳು. "ಶಾವಿಗೆ ಉಪ್ಪಿಟ್ಟು ಕಣೇ" ಅಂದರು ಅತ್ತೆ.